ಡ್ಯೂಟಿಯಲ್ಲಿ ಇದ್ದದ್ದೇ ಅಪರಾಧವೇ? ನರ್ಸ್ ಲೂಸಿಯಾ ಡಿ ಬರ್ಕ್ ಅವರ ಕಥೆ



ಆಸ್ಪತ್ರೆಯಲ್ಲಿ ನಮ್ಮವರೊಬ್ಬರು ತೀರಿಕೊಂಡಾಗ ಹೊರಗಿನ ವರಾಂಡದಲ್ಲಿ ಮೊದಲು ಕೇಳಿಬರುವ ಮಾತು ಯಾವುದು? "ಏನಾಯಿತು?" ಅನ್ನುವುದಕ್ಕಿಂತ ಮುಂಚೆ "ಡ್ಯೂಟಿಯಲ್ಲಿ ಯಾರಿದ್ದರು?" ಎಂದು ಕೇಳುತ್ತೇವೆ. ಸಂಕಟದಲ್ಲಿರುವವರ ಬಾಯಲ್ಲಿ ಈ ಮಾತು ಬರುವುದು ಸಹಜ, ಅದನ್ನು ತಪ್ಪೆನ್ನಲಾಗದು. ಆದರೆ ಆಸ್ಪತ್ರೆಯ ಆಡಳಿತ, ಪೊಲೀಸರು, ನ್ಯಾಯಾಲಯ ಕೂಡ ಇದೇ ಪ್ರಶ್ನೆಯನ್ನು ಮೊದಲು ಕೇಳಿದರೆ ಏನಾಗುತ್ತದೆ? ಆಗ ಏನಾಯಿತು ಎಂಬುದಕ್ಕೆ ಯುರೋಪಿನ ಒಂದು ದೊಡ್ಡ ಉದಾಹರಣೆ ಇದೆ. ಅದನ್ನು ಈ ಬಾರಿ ನಿಮ್ಮ ಮುಂದೆ ಇಡುತ್ತಿದ್ದೇವೆ.

ದೂರದ ದೇಶದ ಕಥೆ ನಮಗೇಕೆ ಎಂದು ಕೇಳಬಹುದು. ಡಿ. ಹಿರೇಹಾಳ್, ರಾಯದುರ್ಗ, ಮಡಕಶಿರಾ ಕಡೆಯ ಕನ್ನಡದ ಮನೆಗಳಲ್ಲಿ ನರ್ಸಿಂಗ್ ಓದುತ್ತಿರುವ, ಓದಿ ಕೆಲಸಕ್ಕೆ ಸೇರಿರುವ ಅಕ್ಕತಂಗಿಯರಿದ್ದಾರೆ. ಕೆಲವರು ಬಳ್ಳಾರಿ, ಅನಂತಪುರ, ಬೆಂಗಳೂರುಗಳಲ್ಲಿದ್ದರೆ ಇನ್ನು ಕೆಲವರು ಗಲ್ಫ್‌ಗೋ ಯುರೋಪಿಗೋ ಹೋಗುವ ಕನಸು ಕಾಣುತ್ತಿದ್ದಾರೆ. ನಮ್ಮಲ್ಲಿ ಉಳಿದವರೆಲ್ಲ ಒಂದಲ್ಲ ಒಂದು ದಿನ ರೋಗಿಗಳಾಗಿಯೋ ರೋಗಿಯ ಕಡೆಯವರಾಗಿಯೋ ಆಸ್ಪತ್ರೆಯ ಮೆಟ್ಟಿಲು ಹತ್ತುವವರೇ. ಹಾಗಾಗಿ ಈ ಕಥೆ ಎರಡೂ ಕಡೆಯವರಿಗೆ ಸೇರಿದ್ದು.

ಹೇಗ್ ನಗರದ ಮಕ್ಕಳ ಆಸ್ಪತ್ರೆ

ನೆದರ್ಲೆಂಡ್ಸ್ ದೇಶದ ಹೇಗ್ ನಗರದಲ್ಲಿ ಜೂಲಿಯಾನಾ ಮಕ್ಕಳ ಆಸ್ಪತ್ರೆ ಎಂಬ ಹೆಸರಾಂತ ಆಸ್ಪತ್ರೆ ಇತ್ತು. 1961ರಲ್ಲಿ ಹುಟ್ಟಿದ ಲೂಸಿಯಾ ಡಿ ಬರ್ಕ್ ಅಲ್ಲಿ ನರ್ಸ್ ಆಗಿದ್ದರು. 2001ರ ಸೆಪ್ಟೆಂಬರ್ 4ರಂದು ಆ ಆಸ್ಪತ್ರೆಯಲ್ಲಿ ಒಂದು ಹಸುಗೂಸು ತೀರಿಕೊಂಡಿತು. ಹುಟ್ಟಿನಿಂದಲೇ ಹಲವು ತೊಂದರೆಗಳಿದ್ದ ಮಗು ಅದು. ವೈದ್ಯರು ಮೊದಲು ಇದನ್ನು ಸಹಜ ಸಾವೆಂದೇ ಬರೆದರು. ಆದರೆ ಮರುದಿನ ಮಾತು ಬದಲಾಯಿತು. "ಇಂಥ ಘಟನೆಗಳಾದಾಗಲೆಲ್ಲ ಲೂಸಿಯಾ ಇರುತ್ತಾಳಲ್ಲ" ಎಂಬ ಗುಸುಗುಸು ಮೊದಲೇ ಇತ್ತು. ಆಸ್ಪತ್ರೆಯವರು ಹಳೆಯ ದಾಖಲೆಗಳನ್ನು ತೆಗೆದು, ಆಕೆಯ ಪಾಳಿಗಳಲ್ಲಿ ಯಾರು ಯಾರು ತೀರಿಕೊಂಡರು, ಯಾರಿಗೆ ಇದ್ದಕ್ಕಿದ್ದಂತೆ ಉಸಿರು ನಿಂತಿತ್ತು ಎಂದು ಹುಡುಕಿದರು. ಪೊಲೀಸರಿಗೆ ದೂರು ಹೋಯಿತು. ಆಕೆ ಮೊದಲು ಕೆಲಸ ಮಾಡಿದ್ದ ಬೇರೆ ಆಸ್ಪತ್ರೆಗಳ ಕಡತಗಳೂ ಹೊರಬಂದವು. ಆ ವರ್ಷ ಡಿಸೆಂಬರ್ 13ರಂದು ಲೂಸಿಯಾ ಅವರನ್ನು ಬಂಧಿಸಿದರು.

2003ರ ಮಾರ್ಚ್ 24ರಂದು ಹೇಗ್ ನ್ಯಾಯಾಲಯ ನಾಲ್ಕು ಕೊಲೆ, ಮೂರು ಕೊಲೆಯತ್ನ ಸಾಬೀತಾಗಿದೆ ಎಂದು ಹೇಳಿ ಜೀವಾವಧಿ ಶಿಕ್ಷೆ ವಿಧಿಸಿತು. ಲೂಸಿಯಾ ಮೇಲ್ಮನವಿ ಸಲ್ಲಿಸಿದರು. 2004ರ ಜೂನ್ 18ರಂದು ಬಂದ ತೀರ್ಪು ಇನ್ನೂ ಕಠಿಣವಾಗಿತ್ತು. ಏಳು ಕೊಲೆ, ಮೂರು ಕೊಲೆಯತ್ನ, ಜೀವಾವಧಿ ಶಿಕ್ಷೆ, ಅದರ ಮೇಲೆ ಕಡ್ಡಾಯ ಮಾನಸಿಕ ಚಿಕಿತ್ಸೆ. ಆಗ ಆ ದೇಶದಲ್ಲಿ ಜೀವಾವಧಿ ಎಂದರೆ ಉಸಿರಿರುವವರೆಗೂ ಸೆರೆಮನೆ ಎಂದೇ ಅರ್ಥವಾಗಿತ್ತು.

ಇಲ್ಲಿ ಒಂದು ವಿಷಯ ಗಮನಿಸಿ. ಲೂಸಿಯಾ ಯಾವುದೇ ರೋಗಿಗೆ ಕೆಡುಕು ಮಾಡುವುದನ್ನು ಕಣ್ಣಾರೆ ಕಂಡವರು ಒಬ್ಬರೂ ಇರಲಿಲ್ಲ. ಆಕೆ ತಪ್ಪೊಪ್ಪಿಕೊಳ್ಳಲೂ ಇಲ್ಲ, ಮೊದಲ ದಿನದಿಂದ ಕೊನೆಯ ದಿನದವರೆಗೆ "ನಾನು ಮಾಡಿಲ್ಲ" ಎಂದೇ ಹೇಳಿದರು. ಹಾಗಾದರೆ ಶಿಕ್ಷೆ ಯಾವುದರ ಆಧಾರದ ಮೇಲೆ ಬಂತು?

34 ಕೋಟಿಗೆ ಒಂದು

ಮೊದಲ ಆಧಾರ ಒಂದು ಸಂಖ್ಯೆ. ಜೂಲಿಯಾನಾ ಆಸ್ಪತ್ರೆಯ ಆ ವಾರ್ಡಿನಲ್ಲಿ ಲೆಕ್ಕಕ್ಕೆ ತೆಗೆದುಕೊಂಡ ಅವಧಿಯಲ್ಲಿ ಒಟ್ಟು 1029 ಪಾಳಿಗಳು. ಅವುಗಳಲ್ಲಿ ಲೂಸಿಯಾ ಇದ್ದದ್ದು 142. "ಅನುಮಾನಾಸ್ಪದ ಘಟನೆ" ಎಂದು ಪಟ್ಟಿ ಮಾಡಿದ್ದು 8. ಆ ಎಂಟೂ ಲೂಸಿಯಾ ಅವರ ಪಾಳಿಯಲ್ಲೇ! ನ್ಯಾಯಾಲಯ ಕರೆಸಿದ ತಜ್ಞ ಹೆಂಕ್ ಎಲ್ಫರ್ಸ್ ಇದನ್ನೂ ಬೇರೆ ವಾರ್ಡುಗಳ ಅಂಕಿಗಳನ್ನೂ ಸೇರಿಸಿ ಲೆಕ್ಕ ಹಾಕಿದರು. ಇಷ್ಟೆಲ್ಲ ಬರೀ ಕಾಕತಾಳೀಯವಾಗಿ ಆಗುವ ಸಾಧ್ಯತೆ 34 ಕೋಟಿ 20 ಲಕ್ಷಕ್ಕೆ ಒಂದು ಎಂದರು.

ಇಂಥ ಸಂಖ್ಯೆ ಕೇಳಿದ ಮೇಲೆ ಯಾರಿಗೆ ಅನುಮಾನ ಉಳಿದೀತು? ಪತ್ರಿಕೆಗಳು ಬರೆದವು, ಜನ ನಂಬಿದರು. ಮೇಲ್ಮನವಿಯ ತೀರ್ಪಿನಲ್ಲಿ ನ್ಯಾಯಾಧೀಶರು ಅಂಕಿಗಳನ್ನು ಆಧಾರವಾಗಿ ಇಟ್ಟುಕೊಂಡಿಲ್ಲ ಎಂದರೂ ಆ ಸಂಖ್ಯೆ ಬಿತ್ತಿದ ಅನುಮಾನ ಮಾತ್ರ ಎಲ್ಲರ ತಲೆಯಲ್ಲೂ ಉಳಿದಿತ್ತು.

ಈಗ ಆ ಲೆಕ್ಕ ಎಲ್ಲಿ ತಪ್ಪಿತು ನೋಡೋಣ. ಇದಕ್ಕೆ ದೊಡ್ಡ ಗಣಿತ ಬೇಕಿಲ್ಲ.

ನಮ್ಮ ಹುಡುಗರು ಬೀದಿಯಲ್ಲಿ ಕ್ರಿಕೆಟ್ ಆಡುವಾಗ ಗೋಡೆಯ ಮೇಲೆ ಇದ್ದಿಲಿನಿಂದ ಸ್ಟಂಪ್ ಬರೆಯುತ್ತಾರೆ. ಸ್ಟಂಪ್ ಬರೆದ ಮೇಲೆ ಚೆಂಡು ತಗುಲಿದರೆ ಔಟ್. ಆದರೆ ಯಾರಾದರೂ ಮೊದಲು ಚೆಂಡು ಎಸೆದು, ಅದು ಗೋಡೆಗೆ ಬಡಿದ ಜಾಗದ ಸುತ್ತ ಆಮೇಲೆ ಸ್ಟಂಪ್ ಬರೆದರೆ? ಎಸೆದ ಚೆಂಡೆಲ್ಲ ವಿಕೆಟ್ಟೇ. ಹೇಗ್‌ನಲ್ಲಿ ಆದದ್ದು ಇದೇ. ಯಾವ ಘಟನೆ ಅನುಮಾನಾಸ್ಪದ ಎಂದು ನಿರ್ಧರಿಸಿದವರಿಗೆ ಆ ಹೊತ್ತಿನಲ್ಲಿ ಲೂಸಿಯಾ ಇದ್ದರೋ ಇಲ್ಲವೋ ಎಂಬುದು ಮೊದಲೇ ಗೊತ್ತಿತ್ತು. ಆಕೆ ಇದ್ದ ಪಾಳಿಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಜಾಲಾಡಿದರು. ಆಕೆ ಇಲ್ಲದ ಪಾಳಿಗಳನ್ನು ಅಷ್ಟೇ ಶ್ರದ್ಧೆಯಿಂದ ನೋಡಲಿಲ್ಲ. ಹೀಗೆ ಮಾಡಿದ ಪಟ್ಟಿಯಲ್ಲಿ ಎಂಟಕ್ಕೆ ಎಂಟೂ ಆಕೆಯದೇ ಆಗುವುದರಲ್ಲಿ ಆಶ್ಚರ್ಯವೇನು?

ಎರಡನೆಯ ತಪ್ಪು ಗುಣಾಕಾರದ್ದು. ಬೇರೆ ಬೇರೆ ವಾರ್ಡುಗಳ ಸಾಧ್ಯತೆಗಳನ್ನು ಒಂದಕ್ಕೊಂದು ಗುಣಿಸಿಬಿಟ್ಟರು. ಯೋಚಿಸಿ, ಒಬ್ಬ ನರ್ಸ್ ಹತ್ತು ವಾರ್ಡುಗಳಲ್ಲಿ ಕೆಲಸ ಮಾಡಿದ್ದಾರೆ, ಪ್ರತಿ ವಾರ್ಡಿನಲ್ಲೂ ಲೆಕ್ಕ ಏನೂ ವಿಶೇಷವಿಲ್ಲದ ಎರಡಕ್ಕೆ ಒಂದು ಎಂದೇ ಬರುತ್ತದೆ. ಗುಣಿಸುತ್ತಾ ಹೋದರೆ 1024ಕ್ಕೆ ಒಂದು ಆಗುತ್ತದೆ! ಅಂದರೆ ಹೆಚ್ಚು ಕಡೆ ಕೆಲಸ ಮಾಡಿದವರೆಲ್ಲ ಕೊಲೆಗಾರರ ಹಾಗೆ ಕಾಣುತ್ತಾರೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. "ಇದು ಕಾಕತಾಳೀಯವಾಗಿ ಆಗುವುದು ಅಪರೂಪ" ಎಂಬ ಮಾತೂ "ಆಕೆ ನಿರ್ದೋಷಿ ಆಗಿರುವುದು ಅಪರೂಪ" ಎಂಬ ಮಾತೂ ಒಂದೇ ಅಲ್ಲ. ಲಾಟರಿಯಲ್ಲಿ ಒಬ್ಬರಿಗೆ ಬಹುಮಾನ ಬರುವ ಸಾಧ್ಯತೆ ತೀರಾ ಕಡಿಮೆ. ಹಾಗೆಂದು ಬಹುಮಾನ ಬಂದವರೆಲ್ಲ ಮೋಸ ಮಾಡಿದ್ದಾರೆ ಎನ್ನುತ್ತೇವೆಯೇ? ಲಕ್ಷಾಂತರ ನರ್ಸುಗಳು ಹಗಲು ರಾತ್ರಿ ದುಡಿಯುವ ಲೋಕದಲ್ಲಿ, ಯಾರಾದರೂ ಒಬ್ಬರ ಪಾಳಿಗಳಿಗೆ ಸಾವುಗಳು ಸಾಲಾಗಿ ಬಂದೇ ಬರುತ್ತವೆ. ಸೇವೆ ಮಾಡುತ್ತಾ ಮಾಡುತ್ತಾ ಕೊಲ್ಲುವ ನರ್ಸ್ ಕೂಡ ಬಹಳ ಅಪರೂಪವೇ. ಎರಡು ಅಪರೂಪಗಳನ್ನು ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟು ತೂಗಬೇಕು, ಒಂದನ್ನೇ ನೋಡಿ ತೀರ್ಮಾನ ಮಾಡಬಾರದು.

ರಿಚರ್ಡ್ ಗಿಲ್, ಪೀಟ್ ಗ್ರೂನೆಬೋಮ್ ಎಂಬ ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕರು ಇದನ್ನೆಲ್ಲ ಸರಿಪಡಿಸಿ ಮತ್ತೆ ಲೆಕ್ಕ ಹಾಕಿದರು. 34 ಕೋಟಿಗೆ ಒಂದು ಎಂದಿದ್ದ ಸಂಖ್ಯೆ ಕೆಲವೇ ಹತ್ತುಗಳಿಗೆ ಒಂದು ಎನ್ನುವಷ್ಟಕ್ಕೆ ಇಳಿಯಿತು. ಅಂದರೆ ಅಷ್ಟೇನೂ ವಿಚಿತ್ರವಲ್ಲದ ಸಂಗತಿ.

ಇನ್ನೂ ಒಂದು ಸರಳ ಲೆಕ್ಕವಿದೆ. ಅದನ್ನು ಯಾರಾದರೂ ಮೊದಲ ವಾರವೇ ಮಾಡಬಹುದಿತ್ತು. ಲೂಸಿಯಾ ಬರುವ ಮುಂಚಿನ ಮೂರು ವರ್ಷಗಳಲ್ಲಿ, ಅಂದರೆ 1996ರಿಂದ 1998ರವರೆಗೆ, ಆ ವಾರ್ಡಿನಲ್ಲಿ 7 ಸಾವುಗಳಾಗಿದ್ದವು. 1999ರಿಂದ 2001ರವರೆಗೆ ಆದದ್ದು 6. ಮಕ್ಕಳನ್ನು ಒಬ್ಬರ ಮೇಲೊಬ್ಬರಂತೆ ಕೊಲ್ಲುವವಳೊಬ್ಬಳು ವಾರ್ಡಿಗೆ ಬಂದ ಮೇಲೆ ಸಾವು ಕಡಿಮೆಯಾಯಿತೇ?

ದಿನಚರಿ ಮತ್ತು ಔಷಧ

ಎರಡನೆಯ ಆಧಾರ ಲೂಸಿಯಾ ಅವರ ದಿನಚರಿ. ವಯಸ್ಸಾದ ರೋಗಿಯೊಬ್ಬರು ತೀರಿಕೊಂಡ ದಿನ, ತನಗೆ ತಡೆಯಲಾಗದ ಒಂದು ಒತ್ತಡವಿದೆ, ಅದು ತನ್ನ ಗುಟ್ಟು ಎಂಬ ಅರ್ಥದ ಮಾತು ಅದರಲ್ಲಿತ್ತು. ಕೊಲ್ಲುವ ಒತ್ತಡ ಎಂದು ನ್ಯಾಯಾಲಯ ಅರ್ಥ ಮಾಡಿತು. ರೋಗಿಗಳ ಬಳಿ ಟ್ಯಾರೋ ಎಂಬ ಭವಿಷ್ಯದ ಎಲೆಗಳನ್ನು ನೋಡುವ ಚಟ ತನಗಿತ್ತು, ಆಸ್ಪತ್ರೆಯಲ್ಲಿ ಅದು ತಿಳಿದರೆ ಕಷ್ಟವೆಂದು ಗುಟ್ಟಾಗಿಟ್ಟಿದ್ದೆ ಎಂದು ಲೂಸಿಯಾ ಹೇಳಿದರು. ಭವಿಷ್ಯ ನೋಡುವುದನ್ನು ನಾವು ಒಪ್ಪುವವರಲ್ಲ. ಆದರೆ ಅದು ಕೊಲೆಯಲ್ಲ. ಆಕೆಯ ಹರೆಯದ ಕಷ್ಟದ ದಿನಗಳೂ ಚರ್ಚೆಗೆ ಬಂದವು. ಒಮ್ಮೆ ಒಬ್ಬರನ್ನು ಕೊಲೆಗಾರ್ತಿ ಎಂದು ಮನಸ್ಸಿನಲ್ಲಿ ನಿರ್ಧರಿಸಿದ ಮೇಲೆ ಅವರು ಬರೆದದ್ದು, ಮಾತಾಡಿದ್ದು, ಅತ್ತದ್ದು, ಅಳದೆ ಇದ್ದದ್ದು ಎಲ್ಲವೂ ಸಾಕ್ಷಿಯ ಹಾಗೆಯೇ ಕಾಣುತ್ತದೆ.

ಮೂರನೆಯ ಆಧಾರ ಡಿಗಾಕ್ಸಿನ್ ಎಂಬ ಹೃದಯದ ಔಷಧ. ಡಿಜಿಟಾಲಿಸ್ ಎಂಬ ಗಿಡದ ಎಲೆಯಿಂದ ಬರುವ ಈ ಔಷಧ ಸರಿಯಾದ ಪ್ರಮಾಣದಲ್ಲಿ ಜೀವ ಉಳಿಸುತ್ತದೆ, ಸ್ವಲ್ಪ ಹೆಚ್ಚಾದರೂ ಹೃದಯದ ಬಡಿತ ಕೆಡಿಸುತ್ತದೆ. ತೀರಿಕೊಂಡ ಆ ಹಸುಗೂಸಿನ ದೇಹದಲ್ಲಿ ಡಿಗಾಕ್ಸಿನ್ ಅತಿಯಾಗಿತ್ತು, ಆದ್ದರಿಂದ ಇದು ವಿಷಪ್ರಾಶನ ಎಂದರು. ಆದರೆ ಇಲ್ಲೊಂದು ತೊಡಕಿದೆ. ಹಸುಗೂಸುಗಳ ದೇಹದಲ್ಲಿ ಡಿಗಾಕ್ಸಿನ್‌ನ ಹಾಗೆಯೇ ಕಾಣುವ ಪದಾರ್ಥಗಳು ತಾವಾಗಿಯೇ ಉಂಟಾಗುತ್ತವೆ. ಸಾಧಾರಣ ಪರೀಕ್ಷೆಗೆ ಎರಡರ ವ್ಯತ್ಯಾಸ ತಿಳಿಯುವುದಿಲ್ಲ. ಸತ್ತ ಮೇಲೆ ಈ ಔಷಧ ಅಂಗಾಂಶಗಳಿಂದ ರಕ್ತಕ್ಕೆ ಇಳಿದು ಪ್ರಮಾಣ ಹೆಚ್ಚಾಗಿ ತೋರುವುದೂ ಉಂಟು. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನ ಪ್ರಯೋಗಾಲಯ ಹೆಚ್ಚು ನಿಖರವಾದ ವಿಧಾನದಲ್ಲಿ ಅಳೆದಾಗ ಪ್ರಮಾಣ ಬಹಳ ಕಡಿಮೆ ಬಂತು.

ಉಳಿದ ಸಾವುಗಳಿಗೆ ಪ್ರತ್ಯೇಕ ಪುರಾವೆ ಇಲ್ಲವೆನ್ನುವಷ್ಟು ಕಡಿಮೆ. ಒಂದೆರಡು ಕೊಲೆ ಸಾಬೀತಾದರೆ ಉಳಿದವಕ್ಕೆ ಅಷ್ಟು ಬಲವಾದ ಪುರಾವೆ ಬೇಡ ಎಂದು ನ್ಯಾಯಾಲಯ ಸರಪಳಿಯ ಹಾಗೆ ಒಂದಕ್ಕೊಂದು ಜೋಡಿಸಿತ್ತು. ಸರಪಳಿಯ ಮೊದಲ ಕೊಂಡಿಯೇ ಸಡಿಲವಾದ ಮೇಲೆ ಉಳಿದದ್ದು ನಿಲ್ಲುವುದು ಹೇಗೆ?

ಪಕ್ಕಕ್ಕೆ ನಿಂತವರು

ಎಲ್ಲರೂ ಕೈಬಿಟ್ಟಾಗ ಆಕೆಯ ಪರವಾಗಿ ನಿಂತವರಲ್ಲಿ ಮುಖ್ಯರು ಮೆಟ್ಟಾ ಡಿ ನೋ ಎಂಬ ವೈದ್ಯೆ. ಅವರು ಲೂಸಿಯಾ ಅವರ ನೆಂಟರಲ್ಲ. ಅದಕ್ಕೆ ತದ್ವಿರುದ್ಧವಾಗಿ, ದೂರು ಕೊಟ್ಟ ಆಸ್ಪತ್ರೆಯ ಹಿರಿಯ ಮಕ್ಕಳ ವೈದ್ಯೆಯೊಬ್ಬರು ಅವರ ಮನೆತನಕ್ಕೆ ಸೇರಿದವರು. ಹಬ್ಬಹರಿದಿನಗಳಲ್ಲಿ ಒಂದೇ ಮೇಜಿಗೆ ಕೂತು ಊಟ ಮಾಡುವ ಸಂಬಂಧವನ್ನು ಪಣಕ್ಕಿಟ್ಟು, ಕಡತಗಳನ್ನು ಓದಿ "ಇದು ಕೊಲೆಯಲ್ಲ" ಎಂದರು. ಅವರ ಸೋದರ, ತತ್ವಶಾಸ್ತ್ರದ ಪ್ರಾಧ್ಯಾಪಕ ಟೋನ್ ಡೆರ್ಕ್ಸನ್ 2006ರಲ್ಲಿ ಇಡೀ ಪ್ರಕರಣವನ್ನು ಬಿಡಿಸಿ ಪುಸ್ತಕ ಬರೆದರು. ಗಣಿತಜ್ಞರು ಸಹಿ ಸಂಗ್ರಹಿಸಿದರು.

ಅಷ್ಟರಲ್ಲಿ ಸೆರೆಮನೆಯಲ್ಲಿದ್ದ ಲೂಸಿಯಾ ಅವರ ದೇಹ ಸೋತಿತ್ತು. 2006ರ ಮಾರ್ಚ್‌ನಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂದ ಕೆಲವೇ ದಿನಗಳಲ್ಲಿ ಆಕೆಗೆ ಪಾರ್ಶ್ವವಾಯು ಹೊಡೆಯಿತು. ಸರ್ವೋಚ್ಚ ನ್ಯಾಯಾಲಯ ಶಿಕ್ಷೆಯ ರೂಪವನ್ನು ಮಾತ್ರ ಪ್ರಶ್ನಿಸಿತ್ತು, ಅಪರಾಧವನ್ನಲ್ಲ. ಜುಲೈನಲ್ಲಿ ಆಂಸ್ಟರ್‌ಡ್ಯಾಂ ನ್ಯಾಯಾಲಯ ಮತ್ತೆ ಜೀವಾವಧಿ ಎಂದಿತು. ಆಗ ಆಕೆಗೆ ಮಾತಾಡುವುದೂ ಕಷ್ಟವಾಗಿತ್ತು.

ಆದರೂ ಹಟ ಬಿಡದವರ ಕೆಲಸ ಫಲ ಕೊಟ್ಟಿತು. ಪ್ರಕರಣದ ಮರುಪರಿಶೀಲನೆಗೆ ಸಮಿತಿ ನೇಮಕವಾಯಿತು. 2008ರ ಏಪ್ರಿಲ್‌ನಲ್ಲಿ ಲೂಸಿಯಾ ತಾತ್ಕಾಲಿಕವಾಗಿ ಹೊರಬಂದರು. ಅದೇ ವರ್ಷ ಅಕ್ಟೋಬರ್ 7ರಂದು ಸರ್ವೋಚ್ಚ ನ್ಯಾಯಾಲಯ ಮರುವಿಚಾರಣೆಗೆ ಒಪ್ಪಿತು. ಮರುವಿಚಾರಣೆಯಲ್ಲಿ ಸರ್ಕಾರಿ ವಕೀಲರೇ ಎದ್ದು ನಿಂತು ಈಕೆಯನ್ನು ಬಿಡುಗಡೆ ಮಾಡಿ ಎಂದು ಕೇಳಿದರು. 2010ರ ಏಪ್ರಿಲ್ 14ರಂದು ಆರ್ನೆಮ್ ನ್ಯಾಯಾಲಯ ಎಲ್ಲ ಕೊಲೆ ಆರೋಪಗಳಿಂದಲೂ ಆಕೆಯನ್ನು ಮುಕ್ತಗೊಳಿಸಿತು.

ಇಲ್ಲಿ ಕೊಲೆಗಾರ ಬೇರೊಬ್ಬ ಸಿಕ್ಕಿಬಿದ್ದು ಆಕೆ ಪಾರಾದದ್ದಲ್ಲ. ಕೊಲೆಯೇ ನಡೆದಿರಲಿಲ್ಲ. ಆರು ವರ್ಷಕ್ಕೂ ಮೇಲೆ ಒಬ್ಬ ಹೆಣ್ಣುಮಗಳು ನಡೆಯದೇ ಇದ್ದ ಕೊಲೆಗಳಿಗಾಗಿ ಸೆರೆಯಲ್ಲಿದ್ದಳು. ಮಕ್ಕಳನ್ನು ಕಳೆದುಕೊಂಡ ತಂದೆತಾಯಂದಿರ ನೋವೂ ಕಡಿಮೆಯಲ್ಲ. "ನಿಮ್ಮ ಮಗುವನ್ನು ಕೊಂದರು" ಎಂಬ ಮಾತನ್ನು ಅವರು ಅಷ್ಟು ವರ್ಷ ಎದೆಯಲ್ಲಿಟ್ಟುಕೊಂಡು ಬದುಕಬೇಕಾಯಿತು. ಸುಳ್ಳು ಆರೋಪ ಆರೋಪಿಯೊಬ್ಬರನ್ನೇ ಸುಡುವುದಿಲ್ಲ.

ಟೊರಾಂಟೊ ಮತ್ತು ಆ್ಯನ್ ಆರ್ಬರ್

ಇದು ಒಂದೇ ಒಂದು ಘಟನೆಯಲ್ಲ. ಕೆನಡಾದ ಟೊರಾಂಟೊ ನಗರದ ಮಕ್ಕಳ ಆಸ್ಪತ್ರೆಯಲ್ಲಿ 1980-81ರಲ್ಲಿ ಹೃದ್ರೋಗದ ವಾರ್ಡಿನ ಹಸುಗೂಸುಗಳ ಸಾವು ಹೆಚ್ಚಾದಾಗಲೂ ಅದೇ ಡಿಗಾಕ್ಸಿನ್ ಮೇಲೆ ಅನುಮಾನ ಬಂತು. 1981ರ ಮಾರ್ಚ್‌ನಲ್ಲಿ ಸೂಸನ್ ನೆಲ್ಲೆಸ್ ಎಂಬ ನರ್ಸ್‌ ಅವರನ್ನು ಬಂಧಿಸಿ ನಾಲ್ಕು ಕೊಲೆಗಳ ಆರೋಪ ಹೊರಿಸಿದರು. ಪೊಲೀಸರು ಬಂದಾಗ ಆಕೆ ವಕೀಲರ ಜೊತೆ ಮಾತಾಡಬೇಕು ಎಂದದ್ದೇ ಅವರ ಅನುಮಾನವನ್ನು ಹೆಚ್ಚಿಸಿತ್ತು. 1982ರ ಮೇ ತಿಂಗಳಲ್ಲಿ ನ್ಯಾಯಾಧೀಶರು ಆರೋಪಗಳಲ್ಲಿ ಹುರುಳಿಲ್ಲವೆಂದು ವಿಚಾರಣೆಗೂ ಕಳಿಸದೆ ಆಕೆಯನ್ನು ಬಿಟ್ಟರು. ಆ ನಾಲ್ಕು ಸಾವುಗಳಲ್ಲಿ ಒಂದರ ಹೊತ್ತಿಗೆ ಆಕೆ ಡ್ಯೂಟಿಯಲ್ಲೇ ಇರಲಿಲ್ಲ.

ಅಮೆರಿಕದ ಕಥೆ ಬೇರೆ ಬಗೆಯದು. ಮಿಷಿಗನ್ ರಾಜ್ಯದ ಆ್ಯನ್ ಆರ್ಬರ್ ಊರಿನಲ್ಲಿ ಮಾಜಿ ಸೈನಿಕರ ಆಸ್ಪತ್ರೆಯೊಂದಿದೆ. 1975ರ ಬೇಸಿಗೆಯಲ್ಲಿ ಅಲ್ಲಿ ಸುಮಾರು 35 ರೋಗಿಗಳಿಗೆ ಐವತ್ತಕ್ಕೂ ಹೆಚ್ಚು ಬಾರಿ ಇದ್ದಕ್ಕಿದ್ದಂತೆ ಉಸಿರು ನಿಂತಿತು. ಹಲವರು ತೀರಿಕೊಂಡರು. ಶಸ್ತ್ರಚಿಕಿತ್ಸೆಯಲ್ಲಿ ಸ್ನಾಯುಗಳನ್ನು ಸಡಿಲಗೊಳಿಸಲು ಕೊಡುವ ಪಾವುಲಾನ್ ಎಂಬ ಔಷಧವನ್ನು ಯಾರೋ ಡ್ರಿಪ್‌ಗೆ ಸೇರಿಸಿದ್ದಾರೆ ಎಂದು ತನಿಖೆ ಹೇಳಿತು. ಇಲ್ಲಿ ಏನೋ ನಡೆದಿತ್ತು ಎಂಬುದಕ್ಕೆ ಆಧಾರವಿತ್ತು. ಆದರೆ ಯಾರು? ಫಿಲಿಪ್ಪೀನ್ಸ್‌ನಿಂದ ದುಡಿಯಲು ಬಂದಿದ್ದ ಫಿಲಿಪಿನಾ ನಾರ್ಸಿಸೊ, ಲಿಯೊನೋರಾ ಪೆರೆಜ್ ಎಂಬ ಇಬ್ಬರು ನರ್ಸುಗಳ ಮೇಲೆ ಬೆರಳು ತೋರಿಸಿದರು. ಆ ಇಬ್ಬರೂ ಡ್ಯೂಟಿಯಲ್ಲಿದ್ದರು, ಆ ಹೊತ್ತಿನಲ್ಲಿ ಹತ್ತಿರದಲ್ಲಿ ಕಂಡಿದ್ದರು ಎಂಬುದೇ ಮುಖ್ಯ ಆಧಾರ. 1977ರ ಜುಲೈನಲ್ಲಿ ಅವರು ಅಪರಾಧಿಗಳೆಂದು ತೀರ್ಪಾಯಿತು. ಫಿಲಿಪ್ಪೀನ್ಸ್ ಮೂಲದವರು ಊರೂರಲ್ಲಿ ಸಂಘಟಿತರಾಗಿ ಹಣ ಕೂಡಿಸಿ ಅವರ ಬೆನ್ನಿಗೆ ನಿಂತರು. ಸರ್ಕಾರಿ ವಕೀಲರ ನಡತೆ ಸರಿಯಿರಲಿಲ್ಲವೆಂದು ಅದೇ ವರ್ಷ ಡಿಸೆಂಬರ್‌ನಲ್ಲಿ ನ್ಯಾಯಾಧೀಶರು ತೀರ್ಪನ್ನು ರದ್ದುಮಾಡಿದರು. 1978ರ ಫೆಬ್ರವರಿಯಲ್ಲಿ ಸರ್ಕಾರ ಮೊಕದ್ದಮೆಯನ್ನೇ ಕೈಬಿಟ್ಟಿತು. ಪರದೇಶಕ್ಕೆ ಹೋಗುವ ನಮ್ಮ ನರ್ಸುಗಳ ಮನೆಯವರು ಈ ಎರಡು ಹೆಸರುಗಳನ್ನು ನೆನಪಿಟ್ಟುಕೊಳ್ಳಬೇಕು. ಹೊಸ ಊರಲ್ಲಿ ಹೊರಗಿನವರ ಮೇಲೆ ಅನುಮಾನ ಬೇಗ ಬೀಳುತ್ತದೆ.

ನಿಜವಾದ ಅಪರಾಧಿಗಳೂ ಇದ್ದಾರೆ

ಇಷ್ಟು ಓದಿ "ಹಾಗಾದರೆ ನರ್ಸುಗಳು ತಪ್ಪೇ ಮಾಡುವುದಿಲ್ಲವೇ" ಎನ್ನಬೇಡಿ. ಇಂಗ್ಲೆಂಡಿನ ಗ್ರ್ಯಾಂಥಮ್ ಆಸ್ಪತ್ರೆಯಲ್ಲಿ 1991ರಲ್ಲಿ ಬೆವರ್ಲಿ ಅಲಿಟ್ ಎಂಬ ನರ್ಸ್ ನಾಲ್ಕು ಮಕ್ಕಳನ್ನು ಕೊಂದಳು. 1993ರಲ್ಲಿ ಶಿಕ್ಷೆಯಾಯಿತು. ಒಂದು ಮಗುವಿನ ರಕ್ತದಲ್ಲಿ ಇರಲೇಬಾರದಷ್ಟು ಇನ್ಸುಲಿನ್ ಸಿಕ್ಕಿದ್ದು ಆ ತನಿಖೆಗೆ ದಾರಿ ತೋರಿಸಿತು. ಜರ್ಮನಿಯ ನೀಲ್ಸ್ ಹೋಗೆಲ್ ಎಂಬ ನರ್ಸ್ ರೋಗಿಗಳಿಗೆ ಬೇಡದ ಔಷಧ ಕೊಟ್ಟು ಹೃದಯ ನಿಲ್ಲಿಸಿ, ಆಮೇಲೆ ತಾನೇ ಓಡಿಬಂದು ಬದುಕಿಸುವ ಶೂರನಂತೆ ನಟಿಸುತ್ತಿದ್ದ. 2019ರಲ್ಲಿ 85 ಕೊಲೆಗಳಿಗೆ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಓಲ್ಡನ್‌ಬರ್ಗ್ ಆಸ್ಪತ್ರೆಯಲ್ಲಿ ಅವನ ಮೇಲೆ ಅನುಮಾನವಿದ್ದರೂ ಒಳ್ಳೆಯ ಪ್ರಮಾಣಪತ್ರ ಕೊಟ್ಟು ಕಳಿಸಿದ್ದರು. ಅವನು ಮುಂದಿನ ಆಸ್ಪತ್ರೆಗೆ ಹೋಗಿ ಅಲ್ಲಿಯೂ ಕೊಂದ. 2005ರಲ್ಲಿ ಸಹೋದ್ಯೋಗಿಯೊಬ್ಬರ ಕಣ್ಣೆದುರೇ ಸಿಕ್ಕಿಬಿದ್ದ. ಆಮೇಲೆ ನೂರಕ್ಕೂ ಹೆಚ್ಚು ಶವಗಳನ್ನು ಗೋರಿಯಿಂದ ತೆಗೆದು ಪರೀಕ್ಷೆ ಮಾಡಿದರು.

ಆದ್ದರಿಂದ ಸುಮ್ಮನಿರುವುದೂ ಪರಿಹಾರವಲ್ಲ. ವ್ಯತ್ಯಾಸ ಎಲ್ಲಿದೆ ನೋಡಿ. ಹೋಗೆಲ್ ಮತ್ತು ಅಲಿಟ್ ವಿಷಯದಲ್ಲಿ ದೇಹದೊಳಗೆ ಇರಬಾರದ ಔಷಧ ಸಿಕ್ಕಿತ್ತು. ಮೊದಲು ಅಪರಾಧ ಖಚಿತವಾಯಿತು, ಆಮೇಲೆ ಅಪರಾಧಿ. ಲೂಸಿಯಾ ವಿಷಯದಲ್ಲಿ ಮೊದಲು ಅಪರಾಧಿಯನ್ನು ಆರಿಸಿ, ಆಮೇಲೆ ಅಪರಾಧ ಹುಡುಕಿದರು. ಇಡೀ ಕಥೆಯಿಂದ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ. "ಏನಾಯಿತು?" ಮೊದಲು, "ಯಾರು?" ಆಮೇಲೆ. ಬ್ರಿಟನ್ನಿನ ರಾಯಲ್ ಸ್ಟಾಟಿಸ್ಟಿಕಲ್ ಸೊಸೈಟಿ 2022ರಲ್ಲಿ ಇಂಥ ಪ್ರಕರಣಗಳ ಬಗ್ಗೆಯೇ ವರದಿ ತಂದು, ಅಂಕಿಗಳನ್ನು ಎಷ್ಟು ಎಚ್ಚರದಿಂದ ನೋಡಬೇಕು ಎಂದು ತನಿಖೆ ಮಾಡುವವರಿಗೆ ತಿಳಿಸಿತು.

ನಮ್ಮ ಬಳ್ಳಾರಿಯಲ್ಲಿ

ಗಡಿಯ ಈಚೆ ಆಂಧ್ರದಲ್ಲಿದ್ದರೂ ದೊಡ್ಡ ಕಾಯಿಲೆ ಬಂದರೆ ನಾವು ಓಡುವುದು ಬಳ್ಳಾರಿಗೇ. ಅಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲಿ 2024ರ ನವೆಂಬರ್‌ನಲ್ಲಿ ಸಿಸೇರಿಯನ್ ಹೆರಿಗೆಯಾದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡದ್ದು ನಿಮಗೆಲ್ಲ ನೆನಪಿರಬಹುದು. ಒಟ್ಟು ಐದು ಜನ ತಾಯಂದಿರು. ಹಸುಗೂಸುಗಳು ತಾಯಿಯಿಲ್ಲದೆ ಉಳಿದವು. ಆ ಹೊತ್ತಿನಲ್ಲಿ ಡ್ಯೂಟಿ ಪಟ್ಟಿಯನ್ನು ತೆಗೆದು ಐದೂ ಕಡೆ ಯಾರಿದ್ದರು ಎಂದು ಮಾತ್ರ ನೋಡಿದ್ದರೆ ಯಾವುದಾದರೊಂದು ಹೆಸರು ಸಿಕ್ಕೇ ಸಿಗುತ್ತಿತ್ತು. ಆದರೆ ತಜ್ಞರ ಸಮಿತಿ ಏನಾಯಿತು ಎಂದು ಹುಡುಕಿತು. ಅನುಮಾನ ಹೋಗಿ ನಿಂತದ್ದು ರಿಂಗರ್ ಲ್ಯಾಕ್ಟೇಟ್ ಎಂಬ ಡ್ರಿಪ್ ಬಾಟಲಿಯ ಮೇಲೆ. ಸರ್ಕಾರ ಆ ದ್ರಾವಣದ ಬಳಕೆಯನ್ನು ತಡೆಯಿತು, ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಬಾಟಲಿಯನ್ನು ಬಿಟ್ಟು ಬಾಟಲಿ ಏರಿಸಿದ ಕೈಯನ್ನು ಹಿಡಿದಿದ್ದರೆ ಅದೇ ಬಾಟಲಿ ಇನ್ನೊಂದು ವಾರ್ಡಿನಲ್ಲಿ ಇನ್ನೊಬ್ಬ ತಾಯಿಗೆ ಏರುತ್ತಿತ್ತು.

ಸುಳ್ಳು ಆರೋಪದ ದೊಡ್ಡ ಅಪಾಯ ಇದೇ. ಒಬ್ಬರನ್ನು ಹಿಡಿದ ಕೂಡಲೇ ಎಲ್ಲರಿಗೂ ಸಮಾಧಾನವಾಗುತ್ತದೆ, ನಿಜವಾದ ಕಾರಣ ಹಾಗೆಯೇ ಉಳಿಯುತ್ತದೆ.

ನಮ್ಮ ದೇಶದ ಕಾನೂನೂ ಈ ದಿಕ್ಕಿನಲ್ಲಿ ಯೋಚಿಸಿದೆ. ಲೂಧಿಯಾನದ ಆಸ್ಪತ್ರೆಯೊಂದರಲ್ಲಿ 1995ರಲ್ಲಿ ಉಸಿರಾಟದ ತೊಂದರೆಯಿದ್ದ ರೋಗಿಗೆ ತಂದ ಆಮ್ಲಜನಕದ ಸಿಲಿಂಡರ್ ಖಾಲಿಯಿತ್ತು, ರೋಗಿ ಉಳಿಯಲಿಲ್ಲ. ವೈದ್ಯರ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಿದರು. ಜೇಕಬ್ ಮ್ಯಾಥ್ಯೂ ಪ್ರಕರಣ ಎಂದು ಹೆಸರಾದ ಅದರಲ್ಲಿ 2005ರ ಆಗಸ್ಟ್ 5ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ನಿರ್ಲಕ್ಷ್ಯದ ಆರೋಪ ಬಂದಾಗ ತನಿಖಾಧಿಕಾರಿ ಮೊದಲು ಆ ವಿಷಯ ಬಲ್ಲ, ಪಕ್ಷಪಾತವಿಲ್ಲದ ಬೇರೆ ವೈದ್ಯರ ಅಭಿಪ್ರಾಯ ಪಡೆಯಬೇಕು, ಆರೋಪ ಬಂತೆಂಬ ಮಾತ್ರಕ್ಕೆ ವೈದ್ಯರನ್ನು ಬಂಧಿಸಬಾರದು ಎಂದು ಹೇಳಿತು. ಬಂಧಿತರಿಗೆ ತಾವು ಆರಿಸಿದ ವಕೀಲರನ್ನು ಕಾಣುವ ಹಕ್ಕನ್ನು ಸಂವಿಧಾನದ 22ನೇ ವಿಧಿಯೇ ಕೊಟ್ಟಿದೆ. ವಕೀಲರನ್ನು ಕೇಳುವುದು ತಪ್ಪಿತಸ್ಥರ ಲಕ್ಷಣವಲ್ಲ. ಟೊರಾಂಟೊದ ಸೂಸನ್ ಅವರನ್ನು ನೆನೆಸಿಕೊಳ್ಳಿ.

ಎರಡು ಮರಗಳು

ದಾನಿಯೇಲನ ಗ್ರಂಥದ 13ನೇ ಅಧ್ಯಾಯದಲ್ಲಿ ಬರುವ ಸುಸನ್ನಳ ಕಥೆ ನಮಗೆಲ್ಲ ಗೊತ್ತು. ಊರಿನ ಇಬ್ಬರು ಹಿರಿಯರು, ಅದರಲ್ಲೂ ನ್ಯಾಯಾಧೀಶರು, ಆಕೆಯ ಮೇಲೆ ಆರೋಪ ಹೊರಿಸಿದಾಗ ಜನ ಕೂಡಲೇ ನಂಬಿದರು. ಕೊಲ್ಲಲು ಕರೆದೊಯ್ಯುತ್ತಿದ್ದಾಗ ಯುವಕ ದಾನಿಯೇಲ ತಡೆದ. ಅವನು ಆಕೆ ಒಳ್ಳೆಯವಳು, ಬಿಟ್ಟುಬಿಡಿ ಎಂದು ಭಾಷಣ ಮಾಡಲಿಲ್ಲ. ಇಬ್ಬರನ್ನೂ ಬೇರೆ ಬೇರೆ ನಿಲ್ಲಿಸಿ, ಯಾವ ಮರದ ಕೆಳಗೆ ನೋಡಿದಿರಿ ಎಂದು ಕೇಳಿದ. ಇಬ್ಬರೂ ಬೇರೆ ಬೇರೆ ಮರ ಹೇಳಿದರು. ಅಲ್ಲಿಗೆ ಸತ್ಯ ಹೊರಬಿತ್ತು. ನಿಜವಾಗಿ ಏನಾಯಿತು ಎಂಬ ಸಣ್ಣ ಪ್ರಶ್ನೆ ಒಂದು ಜೀವ ಉಳಿಸಿತು. ಮೆಟ್ಟಾ ಡಿ ನೋ ಮಾಡಿದ್ದೂ ಇದನ್ನೇ.

ನಾವೇನು ಮಾಡಬಹುದು? ಆಸ್ಪತ್ರೆಯಲ್ಲಿ ಅನ್ಯಾಯವಾಗಿದೆ ಎನಿಸಿದರೆ ಖಂಡಿತ ಕೇಳಬೇಕು. ಚಿಕಿತ್ಸೆಯ ಕಾಗದಗಳನ್ನು, ಔಷಧ ಕೊಟ್ಟ ಚಾರ್ಟನ್ನು ಕೇಳಿ ಪಡೆಯಬೇಕು. ಸಾವಿನ ಕಾರಣ ತಿಳಿಯದಿದ್ದರೆ ಮರಣೋತ್ತರ ಪರೀಕ್ಷೆಗೆ ಹಿಂಜರಿಯಬಾರದು. ದೂರನ್ನು ಬರವಣಿಗೆಯಲ್ಲಿ ಕೊಡಬೇಕು. ಆದರೆ ನರ್ಸ್ ಒಬ್ಬರ ಫೋಟೊ ಹಾಕಿ "ಇವಳೇ ಕೊಂದವಳು" ಎಂದು ವಾಟ್ಸಾಪ್‌ನಲ್ಲಿ ಬಂದದ್ದನ್ನು ಮುಂದಕ್ಕೆ ಕಳಿಸಬಾರದು. ಅದನ್ನು ಕಳಿಸಿದವರೂ ಸುಳ್ಳುಸಾಕ್ಷಿಗಳೇ.

ನರ್ಸಿಂಗ್ ಓದುತ್ತಿರುವ ನಮ್ಮ ಅಕ್ಕತಂಗಿಯರಿಗೆ, ತಮ್ಮಂದಿರಿಗೆ ಒಂದು ಮಾತು. ಕೊಟ್ಟ ಪ್ರತಿ ಔಷಧವನ್ನೂ ಕೊಟ್ಟ ಹೊತ್ತಿಗೇ ಚಾರ್ಟಿನಲ್ಲಿ ಬರೆಯಿರಿ, ಸಮಯ ಸಮೇತ. ಆ ಒಂದು ಸಾಲು ರೋಗಿಯನ್ನೂ ಕಾಯುತ್ತದೆ, ನಿಮ್ಮನ್ನೂ ಕಾಯುತ್ತದೆ. ಪಕ್ಕದವರು ತಪ್ಪು ಮಾಡುವುದನ್ನು ಕಂಡರೆ ಮುಚ್ಚಿಡಬೇಡಿ, ಕಂಡದ್ದನ್ನು ಕಂಡಷ್ಟೇ ಹೇಳಿ. ಒಂದು ವೇಳೆ ಆರೋಪ ನಿಮ್ಮ ಮೇಲೆಯೇ ಬಂದರೆ ಒಬ್ಬರೇ ನಿಲ್ಲಬೇಡಿ. ಮನೆಗೆ ತಿಳಿಸಿ, ನಮಗೆ ತಿಳಿಸಿ.

ಹೇಗ್ ನಗರದಲ್ಲಿ ಒಬ್ಬ ನರ್ಸ್ ಹೊರಬರಲು ಆರು ವರ್ಷಕ್ಕೂ ಹೆಚ್ಚು ಹಿಡಿಯಿತು, ಏಕೆಂದರೆ ಮೊದಲ ವಾರ ಯಾರೂ ಏನಾಯಿತು ಎಂದು ಸರಿಯಾಗಿ ಕೇಳಲಿಲ್ಲ. ನಮ್ಮ ಊರಿನಲ್ಲಿ ಅಂಥ ಮಾತು ಎದ್ದ ದಿನ ಆ ಪ್ರಶ್ನೆಯನ್ನು ಮೊದಲು ಕೇಳುವವರು ನಮ್ಮ ಯುವಜನರಲ್ಲಿ ಒಬ್ಬರಾದರೂ ಇರಲಿ.